ತೀನ್ ಕಂದೀಲ್

ತೀನ್ ಕಂದೀಲ್ ಹತ್ರ ಹುಲಿಗೆಮ್ಮ ಮೊಸರು ಮಾರತಾಳ,
ಎಮ್ಮಿ ಮೊಸರು, ಗಡಿಗಿ ಬಾಯಿಗೆ ಒದ್ದಿ ಅರಿವಿ.
ರಾಯಚೂರ ಬಿಸಿಲಿಗೂ ಹುಳಿಯಾಗದ ಗುಟ್ಟೇನಂತ
ಒಂದು ಚಮಚ ಕೇಳಿದೆ, ಲ್ಯಾಬಿಗೆ.

‘ಏನ್ ಮಾಡ್ತೀಯವ್ವಾ ಇಷ್ಟರಾಗ?’
‘ದೀಪ ಹಚ್ಚತೀನಿ.’
ನಕ್ಕಳು. ಇನ್ನೊಂದು ಚಮಚ ಹಾಕಿದಳು.

ಕಿಟಕಿಗೆ ಕಪ್ಪು ಕಾಗದ ಹಚ್ಚಿ ಕೂತರೆ
ಗಾಜಿನ ಮ್ಯಾಲ ನನ್ನವೂ ಮೂರು ಕಂದೀಲು.
ಹಸಿರು, ಅವಳ ಮೊಸರಿನ ಸಣ್ಣ ಕಡ್ಡಿಗಳು.
ಕೆಂಪು, ದವಾಖಾನಿಯಿಂದ ತಂದ ಭೇದಿಯ ಜೀವ.
ನೀಲಿ, ಕರುಳಿನ ಕೋಶದೊಳಗಿನ ಬೀಜ.

ಹಸಿರು ಹೋಗಿ ಕೆಂಪಿನ ಮೈಗೆ ಆತುಕೊಳ್ಳತದ.
ಅಪ್ಪಿಗಿಯೋ ಕುಸ್ತಿಯೋ
ಸೂಕ್ಷ್ಮದರ್ಶಕ ಹೇಳೂದಿಲ್ಲ;
ಎರಡೂ ಕೂಡಿದಲ್ಲಿ ಒಂದೀಟು ಅರಿಶಿಣ, ಅಷ್ಟೇ.

ಮೂರನೇ ತಾಸಿಗೆ ಹಸಿರು ಮಂಕು.
ಸತ್ತವೇನೋ ಅಂತ ಗಾಬರ್ಯಾಗಿ
ನುಸ್ರತ್ ಮೇಡಂಗೆ ಫೋನ್ ಹಚ್ಚಿದೆ.
‘ಎಣಿಸಿ ನೋಡು’ ಅಂದರು.
ಎಂಟು ಪಟ್ಟು.
ಒಂದು ಎರಡಾದಾಗೆಲ್ಲ ಬೆಳಕೂ ಅರ್ಧರ್ಧ,
ಮಕ್ಕಳಿಗೆ, ಮೊಮ್ಮಕ್ಕಳಿಗೆ,
ಕಡೀಗೆ ನನ್ನ ಕಣ್ಣಿಗೆ ಸಾಲದಷ್ಟು.

ಸಂಜಿಗೆ ಗಡಿಗಿ ಖಾಲಿ. ತಳದಾಗ ಉಳಿದದ್ದನ್ನ
ಮಗ್ಗಲ ಹೂವಿನಾಕಿಗೆ ಬಳಿದು ಕೊಡಾಕತ್ತಿದ್ದಳು, ಹೆಪ್ಪಿಗೆ.
‘ಹತ್ತಿತೇನವ್ವಾ ದೀಪ?’

ಹತ್ತಿತ್ತು, ಅಂದೆ. ಹಂಚಿ ಮುಗಿಸ್ಯಾವ.