ಹತ್ತು ರೊಟ್ಟಿ ಎಣಸೋತನಕ

ಚಾಂದಸಾಬ ತಿಂಗಳಿಗೊಮ್ಮಿ ಬರ್ತಾನ,
ಸೈಕಲ್ಲಿನ ಹಿಂದ ಹದಿನೈದು ಕಿಲೋ ರದ್ದಿ.
ತೂಕ ಸರಿ ಅದನೋ ಇಲ್ಲೋ, ಅಷ್ಟೇ ನಾ ನೋಡೂದಿತ್ತು.
ಶಹಾಬಜಾರದ ಈ ಒಂದು ಖೋಲಿಯೊಳಗ
ಮೂರು ಹಂಚು, ನಾಲ್ಕು ಮಂದಿ ಹೆಣ್ಮಕ್ಕಳು,
ದಿನಕ್ಕ ಎಂಟನೂರು ಕಟಕ ರೊಟ್ಟಿ.
ಹತ್ತು ಎಣಸು, ಹಾಳಿ ಸುತ್ತು, ದಾರ ಕಟ್ಟು.
ಹಾಳಿಯಾಗ ಏನು ಬರದಾರ ಅಂತ ಕೇಳಲಿಕ್ಕೆ
ಕೈಯಾಗ ಹಿಟ್ಟಿದ್ದವರಿಗೆ ಪುರಸೊತ್ತೆಲ್ಲಿ.

ಒಂದಿನ ಸೇಡಂ ರೋಡಿನ ಕಡಿಂದ ಒಬ್ಬಾಕಿ ಬಂದಳು.
ರೊಕ್ಕ ತಿರುಗಿ ಕೇಳಲಿಲ್ಲ, ಬೈಲಿಲ್ಲ,
ಮಡಚಿದ ಹಾಳಿ ಬಿಚ್ಚಿ ಮುಂದಿಟ್ಟು
‘ಇಂವ ನನ್ನ ತಮ್ಮರಿ’ ಅಂದಳು.
ಮಗ್ಗಲಿಗೆ ಬಿದ್ದ ಟಂಟಂ, ಒಂದೇ ಚಪ್ಪಲಿ,
ಶೇಂಗಾ ಹಿಂಡಿಯ ಎಣ್ಣಿ ಹೀರಿ
ಹಿಂದಿನ ಪುಟದ ಟೆಂಡರ್ ನೋಟೀಸು
ಅವನ ಎದಿ ಮ್ಯಾಲ ಉಲ್ಟಾ ಮೂಡಿತ್ತು.
ಹಾಳಿ ನನ್ನ ಹತ್ರನೇ ಬಿಟ್ಟು ಹೋದಳು.

ಅವತ್ತಿಂದ ಮೊದಲು ಓದ್ತೀನಿ, ಆಮ್ಯಾಲ ಕಟ್ತೀನಿ.
ಶುರುವಿಗೆ ಬರೇ ಫೋಟೋ.
ಆಮ್ಯಾಲ ದಪ್ಪ ಅಕ್ಷರ.
ಆಮ್ಯಾಲ ಸಣ್ಣ ಅಕ್ಷರನೂ, ‘ಎಂಟನೇ ಪುಟಕ್ಕೆ’ ಅಂದ್ರ
ಎಂಟನೇ ಪುಟ ಹುಡುಕೋದು, ಆ ಪುಟ ಯಾರ ಮನಿ ಸೇರ್ಯಾದೋ.
ಹೆಸರು ಬಾಯಿಗೆ ಬರದ ಊರಾಗ
ಗ್ವಾಡಿ ಕೆಳಗ ಸಿಕ್ಕ ಕೂಸು
ರಾತ್ರಿ ನನ್ನ ಹಾಸಗ್ಯಾಗ ಅಳ್ತಿತ್ತು.
ಹಂಚಿನ ಮ್ಯಾಲ ರೊಟ್ಟಿ ಕರ್ರಗಾದ್ರೂ ಮೂಗಿಗೆ ತಿಳೀಲಿಲ್ಲ.
ಜಗದೇವಿ ಕೈಯಿಂದ ಕಸಗೊಂಡು ಅಂದಳು:
‘ಅಕ್ಕಾ, ಪೇಪರ ಹಳೀದು,
ಅಳೂದು ಮಾತ್ರ ಯಾಕ ಹೊಸಾದು?’

ಅದಕ್ಕ ಈಗ ಒಂದು ಲೆಕ್ಕ ಇಟ್ಟೀನಿ.
ಹತ್ತು ರೊಟ್ಟಿ ಎಣಸೋತನಕ
ಕಣ್ಣಿಗೆ ಎಷ್ಟು ಬೀಳ್ತದೋ ಅಷ್ಟು.
ಹನ್ನೊಂದನೇದಕ್ಕ ಹಾಳಿ ಮಡಚಬೇಕು.
ಭೂಸ್ವಾಧೀನ, ಜಮೀನು ಮಾರಾಟ, ವರ ಬೇಕಾಗಿದ್ದಾನೆ:
ಇವು ರೊಟ್ಟಿಗೆ ಛಲೋ.
ಮುಖ ಇರೂವು ಬ್ಯಾರೆ ತಗೀತೀನಿ.
ಒಲಿಗೆ ಹಾಕಲಿಕ್ಕೆ ಕೈ ಏಳೂದಿಲ್ಲ,
ಜ್ವಾಳದ ಡಬ್ಬಿ ಕೆಳಗ ಇಡ್ತೀನಿ.
ಡಬ್ಬಿ ಈಗ ಗೇಣು ಮ್ಯಾಲ ಎದ್ದದ,
ಜ್ವಾಳ ತಗಿಬೇಕಂದ್ರ ಸ್ಟೂಲ್ ಹಾಕೋಬೇಕು.

ಸೇಡಂ ರೋಡಿನಾಕಿ ಈಗೂ ಗುರುವಾರಕ್ಕೊಮ್ಮಿ ಬರ್ತಾಳ.
ಆಕಿಗಂತನೇ ಕೋರಾ ಹಾಳಿ ತಂದಿಟ್ಟೀನಿ, ರೊಕ್ಕ ಕೊಟ್ಟು.
ಈ ಗುರುವಾರ ಕಟ್ಟಿಯ ಮ್ಯಾಲೇ ಗಂಟು ಬಿಚ್ಚಿದಳು,
ಹಾಳಿಯ ಆ ಮಗ್ಗಲ ನೋಡಿದಳು, ಈ ಮಗ್ಗಲ ನೋಡಿದಳು,
ಸೆರಗಿಲೆ ಮುಖ ಒರಸ್ಕೊಂಡು
ಮೆಲ್ಲಗ ಕೇಳಿದಳು:
‘ಅವತ್ತಿಂದು ಇಟ್ಟೀರೇನ್ರಿ, ಬಾಯಿ?’

ಎಣಿಸಿದ್ದ ರೊಟ್ಟಿ
ಮತ್ತ ಎಣಸಲಿಕ್ಕೆ ಕುಂತೆ.