ಎಷ್ಟು ಒತ್ತಿದರೆ ಬೆರಳು

ಕಾರಟಗಿಯಲ್ಲಿ ಈ ತಿಂಗಳು ಗಾಳಿಗೂ ಮೈ ಇದೆ.
ಮೂರು ಗಿರಣಿಗಳ ತೌಡು ಹಾರಿ ಬಂದು
ಜೆರಾಕ್ಸ್ ಗಾಜಿನ ಮೇಲೆ, ಚಹದ ಕೆನೆಯ ಮೇಲೆ,
ನನ್ನ ಹುಬ್ಬಿನ ಮೇಲೆ ಕೂರುತ್ತದೆ.
ಕೂರಲಿ. ಹದಿನಾರು ವರ್ಷದಿಂದ ಕೂತಿದೆ.
ಈಗಿನ ತಕರಾರೆಂದರೆ
ಅದು ಲ್ಯಾಪ್‌ಟಾಪಿನ ಟಚ್‌ಪ್ಯಾಡಿನ ಮೇಲೆ ಕೂತರೂ
ಬಾಣ ಎದ್ದು ಓಡುತ್ತದೆ, ಬೇಕಾದರೆ ಆಣೆ ಮಾಡುತ್ತೇನೆ.

ಭಾನುವಾರ ರಾತ್ರಿ ಹೊಸ ಸಿಸ್ಟಮ್ ಹಾಕಿದೆ.
ಶೇಕಡಾ ನೂರು ಮುಟ್ಟುವುದರೊಳಗೆ ನೆಟ್ಟು ಎರಡು ಸಲ ಸತ್ತಿತ್ತು.
ಬೆಳಿಗ್ಗೆ ನೋಡಿದರೆ ಕಿಟಕಿಗಳ ಮೂಲೆ ಗುಂಡಗೆ,
ಅಕ್ಷರ ತೆಳ್ಳಗೆ, ಬಣ್ಣ ಒಂಥರಾ ಆಸ್ಪತ್ರೆಯ ನೀಲಿ.
ಟಚ್‌ಪ್ಯಾಡು ಮಾತ್ರ ಹಳೆಯದೇ, ಎಡಮೂಲೆ ಸವೆದದ್ದು.
ಅದಕ್ಕೇನು ಹೇಳಿಕೊಟ್ಟರೋ ರಾತ್ರೋರಾತ್ರಿ,
ಅಂಗೈ ನೆರಳು ಬಿದ್ದರೆ ಬೆಚ್ಚುತ್ತದೆ.
ಸರ್ವೆ ನಂಬರು ಹೊಡೆಯುವಾಗ ಹೆಬ್ಬೆರಳ ಬುಡ ಸೋಕಿ
ಅರ್ಧ ಸಾಲು ಮೇಲಿನ ಕಾಲಮ್ಮಿಗೆ ಹಾರುತ್ತದೆ.
ಮಂಗಳವಾರ ಒಬ್ಬರ ಎರಡೆಕರೆ
ಅವರ ತಂದೆಯ ಹೆಸರಿನೊಳಗೆ ಹೋಗಿ ಕೂತಿತ್ತು.
ನಕ್ಕರು, ಪುಣ್ಯಾತ್ಮರು.
ಬೇರೆಯವರಾಗಿದ್ದರೆ ಅಂಗಡಿ ಮುಚ್ಚಬೇಕಿತ್ತು.

ಸೆಟ್ಟಿಂಗ್ಸಿನಲ್ಲಿ ಒಂದು ಗೆರೆ, ಗೆರೆಯ ಮೇಲೊಂದು ಗುಂಡು.
ಎಡಕ್ಕೆ ಎಳೆದೆ. ಬಾಣ ನಿಧಾನವಾಯಿತು,
ಬೆಚ್ಚುವುದು ಬಿಡಲಿಲ್ಲ.
ವೇಗ ಬೇರೆ, ಭಯ ಬೇರೆ. ಅದು ಇನ್ನೂ ಒಳಗಿತ್ತು.

ಗಿರಣಿ ನಿಂತ ಮೇಲೆ, ಶಟರ್ ಅರ್ಧ ಇಳಿಸಿ,
ಕಪ್ಪು ಕಿಟಕಿ ತೆರೆದು, ಒಂದೊಂದೇ ಆಜ್ಞೆ ಕೊಡುತ್ತ
ಇಳಿದರೆ ತಳದಲ್ಲಿ ಎರಡು ಅಂಕಿ:
ಇಷ್ಟು ಒತ್ತಿದರೆ ಬೆರಳು ಬಂತೆಂದು ತಿಳಿ,
ಇಷ್ಟಕ್ಕಿಂತ ಇಳಿದರೆ ಹೋಯಿತೆಂದು ತಿಳಿ.
ಬರಲು ಎಂಟು, ಹೋಗಲು ಐದು.
ಎಂಟೆಂದರೆ ನೊಣದ ಕಾಲು.
ನೊಣಕ್ಕೂ ಬನ್ನಿ ಅನ್ನುವ ಮನೆ.

ಐವತ್ತು ಮಾಡಿದೆ.
ಬಾಣ ನಿಂತಿತು, ತೂಕದ ಕಲ್ಲಿನ ಹಾಗೆ.
ನಾನು ಕರೆದರಷ್ಟೇ ಏಳುತ್ತದೆ. ಗೆದ್ದೆ ಅಂದುಕೊಂಡು ಮಲಗಿದೆ.

ಬೆಳಿಗ್ಗೆ ಟೈಪಿಂಗಿಗೆ ಕೂತಳು ಶಮೀನಾ, ಹಗುರ ಕೈಯವಳು.
"ಅಣ್ಣಾ, ಇದು ಸತ್ತೈತಿ."
ನಾನು ಮುಟ್ಟಿದೆ, ಬದುಕಿತು.
ಅವಳು ಮುಟ್ಟಿದಳು, ಸತ್ತಿತು.
"ನಿಮ್ಮದಷ್ಟ ಬೆರಳೇನು?" ಅಂತ ಕೇಳಿ
ಸ್ಟೇಪ್ಲರಿಗೆ ಪಿನ್ನು ತುಂಬುತ್ತ ಕೂತಳು.

ನಲವತ್ತು. ಮೂವತ್ತೈದು.
ಒಂದೊಂದು ಅಂಕಿಗೂ ಅವಳ ಬೆರಳು, ನನ್ನದು,
ಚಹ ತಂದ ಪರಸಪ್ಪನ ಒದ್ದೆಯದು.

ಅಷ್ಟೊತ್ತಿಗೆ ಬಂದವಳು ಹುಸೇನಮ್ಮ.
ಪಿಂಚಣಿಗೆ ಹೆಬ್ಬೆಟ್ಟು. ಪಕ್ಕದಲ್ಲಿ ಕೆಂಪು ದೀಪದ ಡಬ್ಬಿ
ಮೂರು ತಿಂಗಳಿಂದ ಅವಳಿಗೆ ಇಲ್ಲ ಅನ್ನುತ್ತಿದೆ.
ನೆಲ್ಲು ಹಚ್ಚಿ ಹಚ್ಚಿ, ಗೆರೆಯೆಲ್ಲ ಎಡದಂಡೆಯ ಕೆಸರಿಗೆ ಹೋಗಿ
ಹೆಬ್ಬೆಟ್ಟು ಹುಣಸೆ ಬೀಜದ ನುಣುಪು.
ಒರೆಸಿದಳು. ಸೆರಗಿಗೆ ತಿಕ್ಕಿದಳು. ತಲೆಯ ಎಣ್ಣೆಗೆ ಸೋಕಿಸಿದಳು.
ಇಲ್ಲ. ಇಲ್ಲ. ಮತ್ತೊಮ್ಮೆ ಪ್ರಯತ್ನಿಸಿ.
ಶಮೀನಾ ಫಾರಂ ಹುಡುಕಲು ಒಳಗೆ ಹೋದಾಗ
ಡಬ್ಬಿ ಯಾವುದು, ಪ್ಯಾಡು ಯಾವುದು ಎಂದು ನೋಡದೆ
ಟಚ್‌ಪ್ಯಾಡಿನ ನಟ್ಟನಡುವೆ ಹೆಬ್ಬೆರಳು ಊರಿದಳು.

ಬಾಣ ಹೊರಟಿತು.
ಬಲಕ್ಕೆ ಸರಿಸಿದಳು, ಬಲಕ್ಕೆ ಹೋಯಿತು.
ಮೇಲಕ್ಕೆ ಅಂದರೆ ಮೇಲಕ್ಕೆ.
"ಇದಕ್ಕ ಗೊತ್ತಾತು ನೋಡಪಾ," ಅಂದಳು, "ನಾ ಅದೀನಿ ಅಂತ."

ಒಂದು ಬೆರಳು ಬಂತು ಅಂತಷ್ಟೇ ಅದಕ್ಕೆ ಗೊತ್ತು,
ಯಾರದೆಂದು ಗೊತ್ತಿಲ್ಲ ಎನ್ನಲು ಬಾಯಿ ತೆರೆದೆ.
ರೊಕ್ಕ ಅದರಿಂದ ಬರುವುದಿಲ್ಲ ಅಂತಲೂ.
ಮುಚ್ಚಿದೆ.
ಅಂಕಿ ನೋಡಿದರೆ ಇಪ್ಪತ್ತೆಂಟು.
ಉಳಿಸು ಎಂದು ಒತ್ತಿದೆ.

ಈಗಲೂ ಬೆವರ ಹನಿ ಬಿದ್ದರೆ ಒಮ್ಮೊಮ್ಮೆ ಜಿಗಿಯುತ್ತದೆ.
ಬೆರಳು ಬೇಡ, ಕಣ್ಣಿನ ಗುರುತು ತಗೊಳ್ಳಿ ಎಂಬ ಅವಳ ಅರ್ಜಿಯಲ್ಲಿ
ಹೆಸರಿನ ನಡುವಿನ ಅಕ್ಷರ ನುಂಗಿಬಿಟ್ಟಿತ್ತು,
ಹುಸೇಮ್ಮ ಅಂತ.
ಗೊಣಗುತ್ತ ಶಮೀನಾ ಹಿಂದೆ ಹೋಗಿ 'ನ' ಒತ್ತಿದಳು.
ಹುಸೇನಮ್ಮ ಎಲೆಚೀಲದ ದಾರ ಬಿಚ್ಚುತ್ತ
"ಜೆರಾಕ್ಸಿಗೆ ಎಷ್ಟಪಾ?" ಅಂತ ಕೇಳುತ್ತಿದ್ದಳು.