ಜರಡಿ ಎಲುಬು

ಬರ್ಟನ್ನಿನ ಗಾಳಿಗೆ ಮಾಲ್ಟಿನ ವಾಸನೆ,
ಯೀಸ್ಟಿನ ವಾಸನೆ, ನೆನೆದ ಬಾರ್ಲಿಯ ಬೆಚ್ಚನೆ ಹುಳಿಯುಸಿರು:
ರೈಲಿನಿಂದ ಈಗಷ್ಟೇ ಇಳಿದವರಿಗೆ.
ಒಂಬತ್ತು ವರ್ಷದಿಂದ ಇಲ್ಲೇ ಇರುವ ನನಗೆ
ಗಾಳಿ ಬರೀ ಗಾಳಿ.

ಲೊರೇನ್ ಟನ್ನಿಕ್ಲಿಫ್, ಐವತ್ತೆಂಟು.
ಮೂವತ್ತೊಂದು ವರ್ಷ ಬಿಯರಿನ ರುಚಿ ನೋಡಿದವಳು.
ಗುಟುಕು ಬಾಯಲ್ಲಿಟ್ಟು, ಕಣ್ಣು ಮುಚ್ಚಿ,
"ಮೂರನೇ ತೊಟ್ಟಿಯ ಮುಚ್ಚಳ ಸರಿಯಾಗಿ ತೊಳೆದಿಲ್ಲ" ಎಂದರೆ
ಯಾರೋ ಒಬ್ಬರು ಮೂರನೇ ತೊಟ್ಟಿಗೆ ಓಡಲೇಬೇಕು.
ಫೆಬ್ರವರಿಯ ಒಂದು ಬೆಳಿಗ್ಗೆ
ಟ್ರೆಂಟ್ ಹೊಳೆಯ ಕಾಲುಸೇತುವೆಯ ಮೇಲೆ
ಕಣ್ಣಿಗೆ ಕಾಣದ ಮಂಜುಗಡ್ಡೆ.
ಪೆಟ್ಟು ಬಿದ್ದದ್ದು ಹಿಂದಲೆಗೆ.
ಹೋದದ್ದು ಮೂಗು.

ಅದು ಹೇಗೆಂದು ವಿವರಿಸುವುದು ನನ್ನ ಕೆಲಸ.
ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಅರ್ಧ ತಲೆ ಇದೆ,
ಬಿಚ್ಚಿ ತೋರಿಸುತ್ತೇನೆ:
ಬೊಟ್ಟಿಡುವ ಜಾಗದ ಹಿಂದೆ, ಬೆರಳಗಲದ ಎಲುಬು,
ಮೈತುಂಬ ತೂತು. ಜರಡಿ.
ರವೆ ಹಿಡಿಯುವ ಜರಡಿಯೇ, ಆದರೆ
ಇದರ ಒಂದೊಂದು ತೂತಿನಲ್ಲೂ ಕೆಳಗಿಂದ ಮೇಲೆ ಹತ್ತುತ್ತವೆ
ಜೇಡನ ನೂಲಿನಷ್ಟು ತೆಳುವಾದ ನರದೆಳೆಗಳು.
ತಲೆ ನೆಲಕ್ಕೆ ಬಡಿದಾಗ ಮಿದುಳು ಜಾರುತ್ತದೆ,
ಎಲುಬು ಜಾರುವುದಿಲ್ಲ.
ಅಷ್ಟೆ.

"ಉಪ್ಪು ಗೊತ್ತಾಗುತ್ತಲ್ಲ?" ಎಂದಳು.
ಗೊತ್ತಾಗಲೇಬೇಕು. ನಾಲಗೆಯ ದಾರಿ ಬೇರೆ.
ನಾಲಗೆಯ ತುದಿಯ ಸುದ್ದಿ ಹೊತ್ತ ನರ
ಕಿವಿಯೊಳಗೆ ಹೊಕ್ಕು, ತಮಟೆಯ ಬೆನ್ನು ಸವರಿಕೊಂಡು
ಮಿದುಳಿನ ಬುಡ ಸೇರುತ್ತದೆ.
(ಸಾರಿಗೆ ಉಪ್ಪು ಹೆಚ್ಚಾಯಿತೆಂಬ ದೂರು
ಕಿವಿಯ ಮೇಲೆ ಬಿದ್ದೇ ಹೋಗುತ್ತದೆಂದು
ನಮ್ಮ ಅಡುಗೆಮನೆಯಲ್ಲಿ ಯಾರಿಗೆ ಗೊತ್ತಿತ್ತು!)
ಮೆಣಸಿನ ಉರಿ, ಪುದೀನದ ತಂಪು, ಈರುಳ್ಳಿಯ ಕಣ್ಣೀರು
ಹಲ್ಲುನೋವು ಹೊರುವ ನರದ ಲೆಕ್ಕ.
ಅವೆಲ್ಲ ಇವೆ.
ಹೋದದ್ದು ಉಳಿದದ್ದೆಲ್ಲ.

"ಸ್ಟ್ರಾಬೆರಿ ಈಗ ಒದ್ದೆ ಸಿಹಿ," ಎಂದಳು,
"ಬಿಯರು ಗುಳ್ಳೆ ಏಳುವ ಕಹಿ.
ದಿನಕ್ಕೆ ಮೂರು ಸಲ ಸ್ನಾನ ಮಾಡುತ್ತೇನೆ,
ಮೈ ನಾರುತ್ತದೆಯೋ ಏನೋ, ಯಾರನ್ನು ಕೇಳಲಿ?"

ಕಣ್ಣು, ಕಿವಿ, ಚರ್ಮ, ಕೊನೆಗೆ ನಾಲಗೆಯೂ
ಥಲಾಮಸ್ಸಿನ ಹೊಸ್ತಿಲಲ್ಲಿ ನಿಂತು ಹೆಸರು ಹೇಳಬೇಕು.
ಮೂಗು ಹಿತ್ತಲ ಬಾಗಿಲ ನೆಂಟ.
ಯಾರನ್ನೂ ಕೇಳದೆ ಒಳಮನೆಗೆ ನುಗ್ಗಿ
ಭಯದ ಪಕ್ಕ, ನೆನಪಿನ ಪಕ್ಕ, ಚಾಪೆ ಎಳೆದು ಕೂರುತ್ತದೆ.
ನನ್ನ ಭಾಷೆಯಲ್ಲಿ ವಾಸನೆಯೆಂದರೆ
ಮೂಗಿಗೆ ಬಂದದ್ದೂ ಹೌದು,
ಬಿಟ್ಟರೂ ಬಿಡದೆ ಒಳಗೆ ಅಂಟಿ ಉಳಿದದ್ದೂ ಹೌದು.
ಹೇಳಹೊರಟೆ. ಇಂಗ್ಲಿಷ್ ಒದಗಲಿಲ್ಲ.

ನಾಲ್ಕು ಕಂದು ಸೀಸೆ ಕೊಟ್ಟೆ:
ಗುಲಾಬಿ, ನಿಂಬೆ, ಲವಂಗ, ನೀಲಗಿರಿ.
ಬೆಳಿಗ್ಗೆ ಸಂಜೆ, ಒಂದೊಂದೂ ಇಪ್ಪತ್ತು ಎಣಿಸುವಷ್ಟು ಹೊತ್ತು;
ಮೂಗಿನ ನರಕಣಗಳು ಸತ್ತು ಸತ್ತು ಹುಟ್ಟುವಂಥವು,
ತೂತು ಮುಚ್ಚದಿದ್ದರೆ ಮತ್ತೆ ಹತ್ತಬಹುದು.
ಬಹುದು, ಎಂದೆ. ಮತ್ತೊಮ್ಮೆ, ಬಹುದು.
ಮೂಗಿಗೆ ತುಪ್ಪ ಸವರಿದೆನೇ?

ನವೆಂಬರಿನಲ್ಲಿ ಫೋನು:
"ಭಾನುವಾರದ ಗ್ರೇವಿ! ಸುಟ್ಟ ಟೈರಿನ ನಾತ!
ಮಗನ ಎದುರೇ ವಾಂತಿ ಮಾಡಿಕೊಂಡೆ!"
ಕಿರುಚುತ್ತಿದ್ದಳು, ನಗುತ್ತಿದ್ದಳು.
ಹೊಸ ಎಳೆಗಳು ಜರಡಿ ದಾಟಿವೆ,
ಕತ್ತಲಲ್ಲಿ ತಪ್ಪು ಮನೆಗಳ ಕದ ಬಡಿಯುತ್ತಿವೆ.
ಫೈಲಿನಲ್ಲಿ ಬರೆದೆ: ಸುಧಾರಣೆ.

ಮುಂದಿನ ವಾರ ಬಂದವಳು ಕ್ಲಿನಿಕ್ಕಿನ ಕಿಟಕಿ ತೆರೆಸಿದಳು.
ಬ್ರೂವರಿಯ ಹಬೆ ಚಾವಣಿಗಳ ಮೇಲೆ ಬಿಳಿಯಾಗಿ ಹೋಗುತ್ತಿತ್ತು.
ಇಬ್ಬರೂ ಎಳೆದುಕೊಂಡೆವು, ಎದೆಯಾಳದವರೆಗೆ.
"ಏನಾದರೂ?" ಎಂದೆ.
"ಇಲ್ಲ. ನಿಮಗೆ?"
"ಇಲ್ಲ."
ಅವಳದ್ದು ಹರಿದದ್ದು. ನನ್ನದು ರೂಢಿ.

ಕೆಳಗೆ, ಹೊರಊರಿನ ವ್ಯಾನಿನಿಂದ ಪೆಟ್ಟಿಗೆ ಇಳಿಸಲು ಬಂದ ಹುಡುಗ
ತಲೆಯೆತ್ತಿ ಮೂಗು ಸಿಂಡರಿಸಿದ.
ಲೊರೇನ್ ಕಿಟಕಿಗೆ ಬಾಗಿ
ಅವನ ಮುಖವನ್ನೇ ನೋಡುತ್ತಿದ್ದಳು,
ಕನ್ನಡಕ ಮರೆತು ಬಂದವರು
ಬೇರೆಯವರಿಂದ ಕಾಗದ ಓದಿಸಿಕೊಳ್ಳುವ ಹಾಗೆ.